ನಾಗವಲ್ಲಿಯ ಭಾಷೆ

ಹಳೆಯ ಅರಮನೆ, ಬೀಗ ಜಡಿದ ಕೋಣೆ, ಕೊಲೆಯಾದ ನರ್ತಕಿ. 2004ರಲ್ಲಿ ತೆರೆಕಂಡ ‘ಆಪ್ತಮಿತ್ರ’ ಕನ್ನಡದ ಮಂದಿಯನ್ನು ಹೆದರಿಸಿದ್ದು ಇಷ್ಟರಿಂದಲೇ. ರಾಜ ವಿಜಯ ರಾಜೇಂದ್ರ ಬಹದ್ದೂರ್ ನಾಗವಲ್ಲಿಯನ್ನು ಬಯಸಿದ. ಅವಳು ಇನ್ನೊಬ್ಬನನ್ನು ಪ್ರೀತಿಸಿದಳು, ಅದಕ್ಕಾಗಿ ಪ್ರಾಣ ಕಳೆದುಕೊಂಡಳು. ಎಷ್ಟೋ ಕಾಲದ ನಂತರ ಆ ಕೋಣೆ ತೆರೆದ ಗಂಗಾ ತಾನೇ ನಾಗವಲ್ಲಿ ಎಂದುಕೊಳ್ಳುತ್ತಾಳೆ. ಇದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಎನ್ನುತ್ತಾನೆ ವಿಷ್ಣುವರ್ಧನ್ ಪಾತ್ರದ ಮನೋವೈದ್ಯ.

ಚಿತ್ರದ ಈ ವೈಚಾರಿಕತೆಯನ್ನು ಎಲ್ಲರೂ ಮೆಚ್ಚಿದರು. ಆದರೆ ನಾಗವಲ್ಲಿ ಮಾತನಾಡುವ ಭಾಷೆಯ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಅವಳದು ತೆಲುಗು. ಈ ಕತೆಯ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಅಲ್ಲಿ ಅವಳು ತಮಿಳಿನವಳು. 2005ರ ತಮಿಳು ‘ಚಂದ್ರಮುಖಿ’ಯಲ್ಲಿ ತೆಲುಗಿನವಳು, 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿ. ಮನೆ ಯಾರದೇ ಇರಲಿ, ದೆವ್ವದ ನಾಲಿಗೆ ಮಾತ್ರ ಪರಭಾಷೆಯದು! 1949ರಲ್ಲಿ ಕಮಾಲ್ ಅಮ್ರೋಹಿ ನಿರ್ದೇಶಿಸಿದ ‘ಮಹಲ್’ನಲ್ಲಿ ಹೀಗಿರಲಿಲ್ಲ. ಅಲ್ಲಿ ನಾಯಕನನ್ನು ಕಾಡಿದವಳು ಅದೇ ಮನೆಯ ಮಾಲಿಯ ಮಗಳು. ಇಬ್ಬರ ಮಾತೂ ಒಂದೇ.

ಕನ್ನಡ, ಉರ್ದು, ಮರಾಠಿ, ಲಂಬಾಣಿಗಳು ಒಂದೇ ಸಂತೆಯಲ್ಲಿ ಚೌಕಾಸಿ ಮಾಡುವ ಗದಗ-ಬೆಟಗೇರಿ, ಲಕ್ಷ್ಮೇಶ್ವರದ ಕಡೆಯವರಿಗೆ ಇದು ಸಣ್ಣ ಸಂಗತಿಯಲ್ಲ. ನೆರೆಯವನ ಮಾತು ಅರ್ಥವಾಗದಿದ್ದಾಗ ಭಯ ಹುಟ್ಟುತ್ತದೆ. ಆ ಭಯವನ್ನು ಸಿನಿಮಾ ಸುಲಭವಾಗಿ ಮಾರುತ್ತದೆ, ರಾಜಕಾರಣ ಇನ್ನೂ ಸುಲಭವಾಗಿ ಮಾರುತ್ತದೆ.

ಆದರೂ ‘ಆಪ್ತಮಿತ್ರ’ದ ಪ್ರೇಕ್ಷಕ ಭಯದಲ್ಲೇ ನಿಲ್ಲಲಿಲ್ಲ. ನಾಗವಲ್ಲಿಯ ತೆಲುಗು ಹಾಡನ್ನು ಕನ್ನಡಿಗರು ಬಾಯಿಪಾಠ ಮಾಡಿದರು. ಅದಕ್ಕೆ ದೊಡ್ಡ ಕಾರಣ ಸೌಂದರ್ಯ. ಹುಟ್ಟಿನಿಂದ ಕನ್ನಡ ನಾಡಿನವರು, ಹೆಸರು ಗಳಿಸಿದ್ದು ತೆಲುಗು ಚಿತ್ರರಂಗದಲ್ಲಿ. 2004ರ ಏಪ್ರಿಲ್ 17ರಂದು ವಿಮಾನ ದುರಂತದಲ್ಲಿ ತೀರಿಕೊಂಡ ಅವರು ಈ ಚಿತ್ರದ ಯಶಸ್ಸನ್ನು ಕಾಣಲಿಲ್ಲ. ಆ ನಟಿಯ ಕಣ್ಣುಗಳಲ್ಲಿ ಮಂದಿ ಕಂಡದ್ದು ದೆವ್ವವನ್ನಲ್ಲ, ಅನ್ಯಾಯಕ್ಕೊಳಗಾದ ಹೆಣ್ಣನ್ನು.

ನಮ್ಮ ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ದೆವ್ವ ಬಡಿದವಳನ್ನು ದರ್ಗಾಕ್ಕೋ ಮಠಕ್ಕೋ ಕರೆತಂದಾಗ ಕೇಳುವ ಮೊದಲ ಪ್ರಶ್ನೆ, “ನೀ ಯಾರವಾ, ಯಾವೂರಾಕಿ, ಏನ್ ಬೇಕು ನಿನಗ?” ಕಾಯಿಲೆಗೆ ಇದು ಮದ್ದಲ್ಲ, ಅದಕ್ಕೆ ವೈದ್ಯರೇ ಬೇಕು. ಆದರೆ ಮನೆಯಲ್ಲಿ ಯಾರೂ ಕೇಳದ ಹೆಣ್ಣಿನ ಮಾತಿಗೆ ಅಲ್ಲೊಂದು ಕಿವಿ ಸಿಗುತ್ತದೆ. ಚಿತ್ರದ ವೈದ್ಯನೂ ಕೇಳುತ್ತಾನೆ, ಅದು ಅವನ ದೊಡ್ಡತನ. ಕೊನೆಗೆ ರಾಜನ ಬದಲು ಬೊಂಬೆಯೊಂದನ್ನು ಮುಂದಿಟ್ಟು ಸೇಡು ತೀರಿತೆಂದು ನಂಬಿಸುತ್ತಾನೆ. ಗಂಗಾ ಗುಣವಾಗುತ್ತಾಳೆ. ಆದರೆ ಅರಸನ ಅಪರಾಧ? ಅದನ್ನು ಯಾರೂ ಮತ್ತೆ ಎತ್ತುವುದಿಲ್ಲ. ಚಿತ್ರಕ್ಕೆ ಬೇಕಾದದ್ದು ಸಂಸಾರದ ನೆಮ್ಮದಿ ಮಾತ್ರ.

2010ರ ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಇನ್ನೊಂದು ಮನೆ ಸೇರಿತು. ಬೊಂಬೆಯನ್ನು ಕೊಂದು ಮುಗಿಸಿದ ಲೆಕ್ಕ ಮುಗಿಯುವುದಿಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.