ಕ್ಯಾಸನೂರು ವೈರಸ್ಸಿನ ಹೊದಿಕೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಪತ್ತೆಹಚ್ಚಿದರು. ಶಿಕಾರಿಪುರ, ಸೊರಬದ ಕಡೆ ಕಾಡಿಗೆ ಸೌದೆ, ತರಗೆಲೆ ತರಲು ಹೋಗುವವರಿಗೆ ಈ ವೈರಸ್ ತರುವ ಮಂಗನ ಕಾಯಿಲೆಯ ಭಯ ಹೊಸದಲ್ಲ.

ಜೀವ ತೆಗೆಯುವ ಈ ವೈರಸ್ಸಿನ ಕಟ್ಟಡ ಮಾತ್ರ ಬೆರಗು ಹುಟ್ಟಿಸುವಂಥದ್ದು. ಸುಮಾರು 50 ನ್ಯಾನೊಮೀಟರ್ ಅಗಲ. ಒಂದು ಮಿಲಿಮೀಟರಿನಲ್ಲಿ ಇಪ್ಪತ್ತು ಸಾವಿರ ಸಾಲಾಗಿ ನಿಲ್ಲಬಹುದು. ಇದರ ಕುಲದ ವೈರಸ್ಸುಗಳ ಮೈಮೇಲೆ 180 ಇ-ಪ್ರೋಟೀನುಗಳು, ಅಂದರೆ ಹೊದಿಕೆಯ ಪ್ರೋಟೀನುಗಳು, ಜೋಡಿಜೋಡಿಯಾಗಿ, ಹೆಂಚು ಹೊದಿಸಿದಂತೆ ಚಪ್ಪಟೆಯಾಗಿ ಮಲಗಿರುತ್ತವೆ. ಜೀವಕೋಶದ ಪೊರೆಗೆ ನಾಟುವ, ಪ್ರತಿಯೊಂದರ ಚೂಪು ತುದಿ ಜೊತೆಗಾರ ಅಣುವಿನ ಮಗ್ಗುಲಲ್ಲಿ ಅಡಗಿರುತ್ತದೆ. ಹತ್ತಿರದ ನೆಂಟನಾದ ಯುರೋಪಿನ ಉಣುಗು-ಮೆದುಳುಜ್ವರದ ವೈರಸ್ಸಿನ ಇ-ಪ್ರೋಟೀನನ್ನು ಫೆಲಿಕ್ಸ್ ರೇ ಮತ್ತು ಸಂಗಡಿಗರು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, 1995ರಲ್ಲಿ ಈ ರಚನೆಯನ್ನು ತೋರಿಸಿಕೊಟ್ಟರು. ಎಂಥ ತಾಳ್ಮೆಯ ಕೆಲಸ ಅದು!

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ವೈರಸ್ ಜೀವಕೋಶದೊಳಗೆ ನುಗ್ಗುವ ಹಂತ. ಜೀವಕೋಶ ತಾನಾಗಿಯೇ ವೈರಸ್ಸನ್ನು ಪುಟ್ಟ ಚೀಲವೊಂದರಲ್ಲಿ ಒಳಗೆಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲ ಹೆಚ್ಚುತ್ತಲೇ ಜೋಡಿಗಳು ಬಿಡುತ್ತವೆ, ಮಲಗಿದ್ದ ಅಣುಗಳು ಎದ್ದು ಮೂರು ಮೂರಾಗಿ ಕೂಡುತ್ತವೆ, ಅಡಗಿದ್ದ ತುದಿ ಚೀಲದ ಪೊರೆಗೆ ನಾಟುತ್ತದೆ. ಆಮೇಲೆ ಪ್ರೋಟೀನು ತನ್ನ ಮೇಲೆಯೇ ಮಡಚಿಕೊಂಡು ಚೀಲದ ಪೊರೆ, ವೈರಸ್ಸಿನ ಪೊರೆ ಎರಡನ್ನೂ ಎಳೆದು ಬೆಸೆಯುತ್ತದೆ. ವೈರಸ್ಸಿನ ಆರ್‌ಎನ್‌ಎ ಒಳಗೆ ಇಳಿಯುತ್ತದೆ. ಇದಕ್ಕೆ ಹೊರಗಿನ ಯಾವ ಇಂಧನವೂ ಬೇಡ, ಶಕ್ತಿ ಆ ಮಡಿಕೆಯಲ್ಲೇ ಇದೆ.

ನಮ್ಮ ರಕ್ತದ ಪ್ರತಿಕಾಯಗಳು ಇ-ಪ್ರೋಟೀನಿಗೆ ಅಂಟಿ ಈ ಏಳುವಿಕೆಯನ್ನೇ ತಡೆಯಬಲ್ಲವು. ಲಸಿಕೆ ಮಾಡುವವರ ಕಣ್ಣು ಈ ಪ್ರೋಟೀನಿನ ಮೇಲಿರುವುದು ಅದಕ್ಕೇ.