ಕತ್ತಲೆಯನ್ನೂ ತೋರಿಸುವ ಪೆಟ್ಟಿಗೆ

ಕಿಟಕಿಯ ಪರದೆ ಯಾವ ಬಣ್ಣದ್ದಿರಬೇಕು, ಮಿಕ್ಸಿ ಯಾವುದಿರಬೇಕು, ಹಾಲು ಯಾರ ಮನೆಯಿಂದ ತರಿಸಬೇಕು ಎಂಬ ಪ್ರಶ್ನೆ ಬಂದಾಗ ಮನೆಮಂದಿಯೆಲ್ಲ ಹೆಂಗಸಿನ ಮುಖ ನೋಡುತ್ತಾರೆ. ಟಿ.ವಿ. ಯಾವುದಿರಬೇಕು ಎಂದಾಗ ಮಾತ್ರ ಅದೇ ಮುಖಗಳು ಗಂಡಸರ ಕಡೆ ತಿರುಗಿಬಿಡುತ್ತವೆ. ಇದು ಯಾರು ಬರೆದಿಟ್ಟ ಕಾನೂನೋ ತಿಳಿಯದು. ನಮ್ಮ ಮನೆಯಲ್ಲೂ ಮೂರು ಟಿ.ವಿ.ಗಳು ಹಾಗೆಯೇ ಬಂದವು, ಹಾಗೆಯೇ ಹೋದವು. ನಾಲ್ಕನೆಯದನ್ನು ನಾನೇ ಆರಿಸುತ್ತೇನೆಂದು ಹಟ ಹಿಡಿದೆ. ಹಣ ನನ್ನದು ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಮುಂದೆ ಹೇಳುತ್ತೇನೆ.

32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿಯಿತು. ದಸರೆಯ ಸಮಯ ಬೇರೆ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ತುಂಬ ಸಾಲಾಗಿ ಟಿ.ವಿ.ಗಳು. ಎಲ್ಲದರಲ್ಲೂ ಗಿಳಿಗಳು, ಹಣ್ಣಿನ ರಾಶಿ, ನೀಲಿ ಸಮುದ್ರ. ಒಂದಕ್ಕಿಂತ ಒಂದು ಥಳಥಳ. ಮಾರಾಟದ ಹುಡುಗ ಬಾಯಿತುಂಬ "ಸರ್, ಸರ್" ಎನ್ನುತ್ತ ನಮ್ಮವರಿಗೆ ಎಲ್ಲವನ್ನೂ ವಿವರಿಸಿದ. ಕೊನೆಗೆ ನನ್ನ ಕಡೆ ಬೆರಳು ತೋರಿಸಿ, "ಮೇಡಂಗೆ ಸೀರಿಯಲ್ ನೋಡೋಕೆ ಈ ಮಾಡೆಲ್ ಧಾರಾಳ ಸಾಕು ಸರ್" ಎಂದ.

ನನಗೆ ಎಷ್ಟು ಸಾಕು ಎಂದು ಅವನಿಗೆ ಹೇಗೆ ತಿಳಿಯಿತೋ! ಆ ದಿನ ಏನೂ ಕೊಳ್ಳದೆ ಮನೆಗೆ ಬಂದೆ. ಬಂದವಳು ಒಂದು ತಿಂಗಳು ಈ ಪೆಟ್ಟಿಗೆಗಳ ವಿಷಯವನ್ನು ಪಾಠ ಓದುವ ಹಾಗೆ ಓದಿದೆ. ಅಂಗಡಿಗಳಿಗೆ ಮತ್ತೆ ಮತ್ತೆ ಹೋದೆ. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅಂಗಡಿಯಲ್ಲಿ ಕಾಣುವ ಚಿತ್ರ ಮನೆಯಲ್ಲಿ ಕಾಣುವುದಿಲ್ಲ. ಹೊಸ ಟಿ.ವಿ.ಯನ್ನು ಮೊದಲ ಸಲ ಹಾಕಿದಾಗ ಅದು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತದೆ: ನಾನಿರುವುದು ಮನೆಯಲ್ಲೋ, ಅಂಗಡಿಯಲ್ಲೋ? ಅಂಗಡಿ ಎಂದರೆ ಬೆಳಕನ್ನೂ ಬಣ್ಣವನ್ನೂ ಮೇಲಕ್ಕೇರಿಸಿಕೊಂಡು ನಿಲ್ಲುತ್ತದೆ. ನೂರು ದೀಪಗಳ ಅಂಗಡಿಯಲ್ಲಿ, ಪಕ್ಕದ ಟಿ.ವಿ.ಗಿಂತ ಮಂಕಾಗಿ ಕಂಡರೆ ಅದನ್ನು ಕೊಳ್ಳುವವರಿಲ್ಲ. ಮದುವೆಮನೆಯಲ್ಲಿ ಹೆಣ್ಣು ನೋಡಿದ ಹಾಗೆ ಇದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಹೇಳಿದ್ದನ್ನು ಟಿ.ವಿ. ಅಂಗಡಿಯ ಬಾಗಿಲಲ್ಲಿ ಬರೆದು ಹಾಕಬೇಕು.

ಹಾಗಾದರೆ ಒಳ್ಳೆಯ ಪರದೆಯನ್ನು ಗುರುತಿಸುವುದು ಹೇಗೆ? ಅದು ಬೆಳಕನ್ನು ಎಷ್ಟು ತೋರಿಸುತ್ತದೆ ಎಂದು ನೋಡುವುದಕ್ಕಿಂತ ಕತ್ತಲೆಯನ್ನು ಹೇಗೆ ತೋರಿಸುತ್ತದೆ ಎಂದು ನೋಡಬೇಕು. ನನ್ನ ಎರಡನೆಯ ಕಾರಣ ಇದೇ. ನಾನು ಹುಡುಗಿಯಾಗಿದ್ದಾಗ ನೆರೆಮನೆಯ ಕಪ್ಪು ಬಿಳುಪು ಟಿ.ವಿ.ಯಲ್ಲಿ 'ಘಟಶ್ರಾದ್ಧ' ನೋಡಿದ್ದೆ. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಕಪ್ಪು ಬಿಳುಪಿನಲ್ಲಿ ಚಿತ್ರ ಮಾಡಿದರು. ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಅದಕ್ಕೆ ಬಂತು. ವಿಧವೆ ಯಮುನಕ್ಕನ ಕಷ್ಟವನ್ನೆಲ್ಲ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ನೋಡುವ ಚಿತ್ರ ಅದು. ಮಲೆನಾಡಿನ ಕಾಡಿನ ಕತ್ತಲು ಅದರಲ್ಲಿ ಒಂದು ಪಾತ್ರವೇ ಆಗಿದೆ. ಅಂದು ರಾತ್ರಿ ಹಿತ್ತಲಿಗೆ ಹೋಗಲು ನನಗೆ ಹೆದರಿಕೆಯಾಗಿತ್ತು.

ನಲವತ್ತು ವರ್ಷದ ಮೇಲೆ, ಮನೆಯಲ್ಲಿದ್ದ ಮೂರನೆಯ ಟಿ.ವಿ.ಯಲ್ಲಿ ಅದನ್ನೇ ಮತ್ತೆ ನೋಡಿದೆ. ಹೆದರಿಕೆ ಹೋಗಲಿ, ಆಕಳಿಕೆ ಬಂತು. ವಯಸ್ಸಾಯಿತು, ಮನಸ್ಸು ಗಟ್ಟಿಯಾಯಿತು ಎಂದುಕೊಂಡೆ. ಆಮೇಲೆ ಗಮನಿಸಿದೆ. ಆ ಪರದೆಯಲ್ಲಿ ಕಾಡು ಕಪ್ಪಗಿರಲೇ ಇಲ್ಲ. ಬೂದಿ ಬಳಿದ ಹಾಗಿತ್ತು. ಮರ, ನೆರಳು, ಆಕಾಶ ಎಲ್ಲ ಒಂದೇ ಬೂದುಬಣ್ಣ. ಕತ್ತಲೆಯೇ ಇಲ್ಲದ ಮೇಲೆ ನಾಣಿ ಹೆದರುವುದೇಕೆ? ಯಮುನಕ್ಕ ಎಷ್ಟು ಒಂಟಿ ಎಂದು ನನಗೆ ತಿಳಿಯುವುದಾದರೂ ಹೇಗೆ? ಒಂದು ಒಳ್ಳೆಯ ಚಿತ್ರ ನನ್ನ ಮನೆಯ ಗೋಡೆಯ ಮೇಲೆ ಕೆಟ್ಟ ಚಿತ್ರವಾಗಿತ್ತು. ನಾನು ಅದರ ತಪ್ಪನ್ನು ನನ್ನ ವಯಸ್ಸಿನ ಮೇಲೆ ಹೊರಿಸಿಕೊಂಡಿದ್ದೆ.

ಇದು ಹೇಗಾಗುತ್ತದೆ ಎಂದು ತಿಳಿಯಲು ಪೆಟ್ಟಿಗೆಯ ಒಳಗೆ ಸ್ವಲ್ಪ ಇಣುಕಬೇಕು. ಹಳೆಯ ಡುಬ್ಬದ ಟಿ.ವಿ.ಯಲ್ಲಿ ಗಾಜಿನ ಒಳಮೈಗೆ ಬಳಿದ ಪುಡಿಯ ಮೇಲೆ ಎಲೆಕ್ಟ್ರಾನುಗಳು ಬಿದ್ದ ಕಡೆ ಬೆಳಗುತ್ತಿತ್ತು, ಬೀಳದ ಕಡೆ ಕತ್ತಲೆ. ಮುಂದೆ ಬಂದ ಎಲ್.ಸಿ.ಡಿ.ಯ ರೀತಿ ಬೇರೆ. ಅದರ ಚುಕ್ಕೆಗಳಿಗೆ ಸ್ವಂತ ಬೆಳಕಿಲ್ಲ. ಹಿಂದೆ ಒಂದು ದೀಪ ಸದಾ ಉರಿಯುತ್ತಿರುತ್ತದೆ. ಮುಂದಿರುವ ದ್ರವಸ್ಫಟಿಕ ಎಂಬ ವಸ್ತು ಕಿಟಕಿಯ ಬಾಗಿಲಿನಂತೆ ತೆರೆದು ಮುಚ್ಚಿ ಆ ಬೆಳಕನ್ನು ಬಿಡುತ್ತದೆ ಇಲ್ಲವೇ ತಡೆಯುತ್ತದೆ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸಂದಿನಲ್ಲಿ ಬೆಳಕು ಸೋರುತ್ತದೆ. ಆ ಸೋರಿದ ಬೆಳಕೇ ನಾನು ಕಂಡ ಬೂದಿ.

ಇಲ್ಲಿ ಹೆಸರಿನ ಒಂದು ಮೋಸವಿದೆ. ಅಂಗಡಿಯಲ್ಲಿ 'ಎಲ್.ಇ.ಡಿ. ಟಿ.ವಿ.' ಎನ್ನುವುದು ಬೇರೆ ಜಾತಿಯದೇನಲ್ಲ. ಅದೇ ಎಲ್.ಸಿ.ಡಿ., ಹಿಂದಿನ ದೀಪ ಮಾತ್ರ ಎಲ್.ಇ.ಡಿ. 'ಕ್ಯೂ.ಎಲ್.ಇ.ಡಿ.' ಎಂದರೂ ಅದೇ ಎಲ್.ಸಿ.ಡಿ., ಬಣ್ಣ ಶುದ್ಧವಾಗಿ ಬರಲೆಂದು ನಡುವೆ ಕ್ವಾಂಟಮ್ ಡಾಟ್ ಎಂಬ ಅತಿಸೂಕ್ಷ್ಮ ಕಣಗಳ ಪದರವಿರುತ್ತದೆ. ಆ ಕಣಗಳನ್ನು ಕಂಡುಹಿಡಿದು ರೂಪಿಸಿದ ಮೂವರಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿದೆ. ಬಣ್ಣಕ್ಕೆ ಅದು ಒಳ್ಳೆಯದೇ. ಆದರೆ ಸೋರುವ ಬೆಳಕಿಗೆ ಅದು ಮದ್ದಲ್ಲ.

ಅದಕ್ಕೆ ಮದ್ದು ಎರಡು. ಒಂದು, ಹಿಂದಿನ ದೀಪವನ್ನು ಭಾಗಭಾಗ ಮಾಡಿ, ಕತ್ತಲೆ ಬೇಕಾದ ಭಾಗದ್ದನ್ನು ಮಾತ್ರ ತಗ್ಗಿಸುವುದು. ಊರಿಗೆಲ್ಲ ಕರೆಂಟು ತೆಗೆಯುವ ಬದಲು ಒಂದೊಂದೇ ಬೀದಿಗೆ ತೆಗೆದ ಹಾಗೆ. ಇದನ್ನು ಲೋಕಲ್ ಡಿಮ್ಮಿಂಗ್ ಎನ್ನುತ್ತಾರೆ. ಮಿನಿ ಎಲ್.ಇ.ಡಿ. ಟಿ.ವಿ.ಗಳಲ್ಲಿ ದೀಪಗಳು ತೀರಾ ಚಿಕ್ಕವು, ಹಾಗಾಗಿ ಭಾಗಗಳನ್ನು ಹೆಚ್ಚು ಮಾಡಬಹುದು. ಇದರ ದೋಷವೆಂದರೆ ಕತ್ತಲೆಯ ನಡುವೆ ಒಂದು ಹಣತೆ ಉರಿದರೆ ಅದರ ಸುತ್ತ ಮಬ್ಬು ಬೆಳಕಿನ ಬಳೆ ಕಾಣುತ್ತದೆ. ಹಣತೆಯ ಅಕ್ಕಪಕ್ಕದ ಬೀದಿಗೂ ಕರೆಂಟು ಇರುತ್ತದಲ್ಲ!

ಎರಡನೆಯದು ಓ.ಎಲ್.ಇ.ಡಿ. ಇದರ ಹಿಂದೆ ದೀಪವೇ ಇಲ್ಲ. ಪ್ರತಿ ಚುಕ್ಕೆಯೂ ಒಂದು ದೀಪ. 4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಎತ್ತರಕ್ಕೆ 2,160 ಚುಕ್ಕೆ, ಅಂದರೆ ಸುಮಾರು 83 ಲಕ್ಷ. ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿ ಒಂದೊಂದು ಹಣತೆಯನ್ನೂ ಬೇಕಾದಾಗ ಹಚ್ಚಿ ಬೇಕಾದಾಗ ಆರಿಸಿದ ಹಾಗೆ. ಆರಿದ ಚುಕ್ಕೆ ನಿಜವಾಗಿ ಕಪ್ಪು. ಇದಕ್ಕೂ ಮುಂಚೆ ಪ್ಲಾಸ್ಮಾ ಎಂಬುದೊಂದು ಬಂದಿತ್ತು. ಅದರ ಚುಕ್ಕೆಗಳಿಗೂ ಸ್ವಂತ ಬೆಳಕಿತ್ತು, ಕಪ್ಪೂ ಚೆನ್ನಾಗಿತ್ತು. ದೊಡ್ಡ ಕಂಪನಿಗಳು 2014ರ ಹೊತ್ತಿಗೆ ಅದರ ತಯಾರಿಕೆ ಕೈಬಿಟ್ಟವು. ಹೆಚ್ಚು ಹೊಳೆಯುವ ಎಲ್.ಸಿ.ಡಿ.ಯ ಮುಂದೆ ಅಂಗಡಿಯಲ್ಲಿ ಅದು ಮಂಕಾಗಿ ಕಾಣುತ್ತಿತ್ತು ಎಂಬುದೂ ಅದರ ಸೋಲಿಗೆ ಒಂದು ಕಾರಣ.

ಇಷ್ಟು ತಿಳಿದ ಮೇಲೆ ಮತ್ತೆ ಅಂಗಡಿಗೆ ಹೋದೆ. ಮಗಳ ಫೋನಿನಿಂದ 'ಘಟಶ್ರಾದ್ಧ'ದ ರಾತ್ರಿಯ ದೃಶ್ಯವನ್ನು ಒಂದೊಂದು ಟಿ.ವಿ.ಗೂ ಹಾಕಿಸಿದೆ. "ಇದು ಹಳೇ ಪಿಕ್ಚರ್ ಮೇಡಂ, ಟಿ.ವಿ. ಕ್ವಾಲಿಟಿ ಗೊತ್ತಾಗಲ್ಲ" ಎಂದ ಹುಡುಗ. "ನನಗೆ ಗೊತ್ತಾಗುತ್ತೆ ಕಣಪ್ಪ, ನೀನು ಸಿನಿಮಾ ಮೋಡ್ ಹಾಕು" ಎಂದೆ. "ಡಲ್ ಆಗುತ್ತೆ." "ಆಗಲಿ."

ಆ ಗೋಡೆಯ ಮುಂದೆ ನಿಂತಾಗ ಇನ್ನೊಂದು ವಿಷಯ ಹೊಳೆಯಿತು. ನಮ್ಮ ಮನೆಗಳಲ್ಲಿ ಟಿ.ವಿ.ಯ ನೇರ ಎದುರಿಗೆ ಕೂರುವವರು ಯಾರು? ಆರಾಮಕುರ್ಚಿ ಮನೆಯ ಯಜಮಾನರದು. ಹೆಂಗಸರು ಅಡಿಗೆಮನೆಯ ಬಾಗಿಲಲ್ಲಿ ನಿಂತೋ, ಗೋಡೆಗೊರಗಿ ಬೀನ್ಸ್ ಮುರಿಯುತ್ತಲೋ, ಪಕ್ಕದಿಂದ ನೋಡುತ್ತೇವೆ. ಎಲ್.ಸಿ.ಡಿ.ಗಳಲ್ಲಿ ವಿ.ಎ., ಐ.ಪಿ.ಎಸ್. ಎಂದು ಎರಡು ಮುಖ್ಯ ಬಗೆಯ ಫಲಕಗಳಿವೆ. ವಿ.ಎ. ಫಲಕದಲ್ಲಿ ಬಿಳಿಗೂ ಕಪ್ಪಿಗೂ ಇರುವ ಅಂತರ ಸುಮಾರು ಮೂರು ಸಾವಿರ ಪಟ್ಟು ಅಥವಾ ಇನ್ನೂ ಹೆಚ್ಚು. ಆದರೆ ಪಕ್ಕಕ್ಕೆ ಸರಿದರೆ ಬಣ್ಣ ತೊಳೆದ ಹಾಗಾಗುತ್ತದೆ. ಐ.ಪಿ.ಎಸ್.ನಲ್ಲಿ ಪಕ್ಕದಿಂದಲೂ ಬಣ್ಣ ನಿಲ್ಲುತ್ತದೆ, ಕಪ್ಪು ಮಾತ್ರ ಪೇಲವ. ಅಂತರ ಸುಮಾರು ಸಾವಿರ ಪಟ್ಟು ಅಷ್ಟೆ. ಓ.ಎಲ್.ಇ.ಡಿ.ಯಲ್ಲಿ ಕಪ್ಪೂ ಚೆನ್ನ, ಪಕ್ಕದ ನೋಟವೂ ಚೆನ್ನ. ನಾನು ಬೇಕೆಂದೇ ಗಾಣದೆತ್ತಿನಂತೆ ಎಡಕ್ಕೆ, ಬಲಕ್ಕೆ ಸುತ್ತಿ ನೋಡಿದೆ. ಅಂಗಡಿಯವರು ಗ್ರಾಹಕರನ್ನು ಯಾವಾಗಲೂ ನೇರ ಎದುರಿಗೇ ನಿಲ್ಲಿಸುತ್ತಾರೆ. ಅಕ್ಕತಂಗಿಯರೇ, ನೀವು ಮನೆಯಲ್ಲಿ ಯಾವ ಜಾಗದಲ್ಲಿ ನಿಲ್ಲುತ್ತೀರೋ ಅಂಗಡಿಯಲ್ಲೂ ಅದೇ ಓರೆಯಲ್ಲಿ ನಿಂತು ನೋಡಿ.

ಗಾತ್ರದ ಮಾತು. ಅಂಗುಲವನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. 43 ಅಂಗುಲಕ್ಕಿಂತ 55 ಅಂಗುಲ ಸ್ವಲ್ಪ ದೊಡ್ಡದೆಂದು ಕಾಣುತ್ತದೆ. ಲೆಕ್ಕ ಹಾಕಿದರೆ ಪರದೆಯ ವಿಸ್ತೀರ್ಣ ಒಂದೂವರೆ ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಆ ಅಂಗುಲವನ್ನು 1.6ರಿಂದ ಗುಣಿಸಿದಷ್ಟು ದೂರದಲ್ಲಿ ಕೂತರೆ ಹಿತವೆಂಬ ಲೆಕ್ಕವಿದೆ. 55ಕ್ಕೆ ಸುಮಾರು ಏಳೂಕಾಲು ಅಡಿಯಾಯಿತು. ಆದರೆ ದೊಡ್ಡ ಪರದೆ ಹಳೆಯದಕ್ಕೆ ನಿರ್ದಯಿ. ಹಳೆಯ ದೂರದರ್ಶನದ ಚಿತ್ರವನ್ನು ಚುಕ್ಕೆಗಳಾಗಿ ಎಣಿಸಿದರೆ ಸುಮಾರು ನಾಲ್ಕು ಲಕ್ಷ. ಅದನ್ನು 83 ಲಕ್ಷ ಚುಕ್ಕೆಗೆ ಹಂಚುವುದೆಂದರೆ ಒಬ್ಬರಿಗೆ ಮಾಡಿದ ಹುಳಿಯನ್ನು ಇಪ್ಪತ್ತು ಜನಕ್ಕೆ ಬಡಿಸಿದ ಹಾಗೆ. ಟಿ.ವಿ. ತಾನೇ ನೀರು ಬೆರೆಸಿಕೊಳ್ಳುತ್ತದೆ. ಆದ್ದರಿಂದ ಪರದೆಯಷ್ಟೇ ಪ್ರತಿಯೂ ಮುಖ್ಯ. 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಷನ್ ಸೇರಿ ಹೊಸದಾಗಿ ಸಂಸ್ಕರಿಸಿದ್ದು, 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಫೋನಿನಲ್ಲಿ ಸಿಕ್ಕ ಸವೆದ ಪ್ರತಿಯನ್ನು ಹಾಕಿ ಯಾವ ಟಿ.ವಿ.ಯನ್ನೂ ಬೈಯಬಾರದು ಎಂಬ ಬುದ್ಧಿ ನನಗೂ ಬಂತು. ಆದರೆ ಅದೇ ಸವೆದ ಪ್ರತಿಯಲ್ಲೂ ಒಂದು ಪರದೆಯಲ್ಲಿ ಕಾಡಿತ್ತು, ಇನ್ನೊಂದರಲ್ಲಿ ಇರಲಿಲ್ಲ.

ಓ.ಎಲ್.ಇ.ಡಿ.ಯೇ ಬೇಕೆಂದು ಮನಸ್ಸು ಹೇಳಿತು. ಬೆಲೆ ಕೇಳಿ ಮನಸ್ಸು ಸುಮ್ಮನಾಯಿತು. ಬೆಲೆಯೊಂದೇ ಅಲ್ಲ. ನಮ್ಮ ನಡುಮನೆಯಲ್ಲಿ ಟಿ.ವಿ.ಗೆ ಎದುರಾಗಿ ಬೀದಿಬಾಗಿಲು. ಹಗಲಿನಲ್ಲಿ ಪರದೆಯ ಮೇಲೆ ಬೀದಿಯೇ ಮೂಡುತ್ತದೆ. ಅಷ್ಟು ಬೆಳಕನ್ನು ಮೀರಿ ಕಾಣಲು ಎಲ್.ಸಿ.ಡಿ.ಯ ಹೊಳಪು ಬೇಕು. ಮೇಲಾಗಿ ನಮ್ಮವರು ನಿವೃತ್ತರು. ಬೆಳಗಿನಿಂದ ಸಂಜೆಯವರೆಗೆ ವಾರ್ತಾವಾಹಿನಿ. ಅದರ ಕೆಳಗಿನ ಪಟ್ಟಿಯೂ ಮೂಲೆಯ ಲಾಂಛನವೂ ಕದಲುವುದಿಲ್ಲ. ಓ.ಎಲ್.ಇ.ಡಿ.ಯ ಚುಕ್ಕೆಗಳು ಉರಿದಷ್ಟೂ ಸವೆಯುತ್ತವೆ. ಒಂದೇ ಜಾಗ ವರ್ಷಗಟ್ಟಲೆ ಉರಿದರೆ ಅಲ್ಲಿ ಅಳಿಸಲಾಗದ ಮಚ್ಚೆ ಉಳಿಯಬಹುದು. ಯಮುನಕ್ಕನ ಕಾಡಿನ ಮೇಲೆ 'ಬ್ರೇಕಿಂಗ್ ನ್ಯೂಸ್' ಎಂಬ ನೆರಳು ಬೀಳುವುದನ್ನು ನೆನೆದೇ ಬೇಡವೆಂದುಕೊಂಡೆ.

ಕೊನೆಗೆ ಆರಿಸಿದ್ದು 55 ಅಂಗುಲದ ಮಿನಿ ಎಲ್.ಇ.ಡಿ., ವಿ.ಎ. ಫಲಕದ್ದು. ಹಗಲಿಗೆ ಹೊಳಪು, ರಾತ್ರಿಗೆ ಕಪ್ಪು. ಹಣತೆಯ ಸುತ್ತ ಬಳೆ ಕಂಡರೆ ಕಾಣಲಿ. ಮನೆಗೆ ಬಂದ ದಿನ ಎರಡು ಕೆಲಸ ಮಾಡಿದೆ. ಮೊದಲು ಸಿನಿಮಾ ಮೋಡ್ ಹಾಕಿದೆ. ಆಮೇಲೆ, ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದ ಚಲನಚಿತ್ರಕ್ಕೆ ನಡುನಡುವೆ ತಾನೇ ಚಿತ್ರ ಸೇರಿಸಿ, ಅದನ್ನು ದೈನಿಕ ಧಾರಾವಾಹಿಯಂತೆ ನುಣ್ಣಗೆ ಮಾಡುವ ವ್ಯವಸ್ಥೆಯನ್ನು ನಿಲ್ಲಿಸಿದೆ. ಎರಡು ದಿನ ಎಲ್ಲರೂ "ಮಂಕು, ಮಂಕು" ಎಂದರು. ಮೂರನೆಯ ದಿನ ಯಾರೂ ಏನೂ ಹೇಳಲಿಲ್ಲ. ಕಣ್ಣು ಬೇಗ ಕಲಿಯುತ್ತದೆ, ಮಕ್ಕಳ ಹಾಗೆ.

ಉಳಿದದ್ದು ಒಂದೇ ತೊಡಕು. ವಿ.ಎ. ಫಲಕವನ್ನು ನೇರ ಎದುರಿನಿಂದ ನೋಡಬೇಕು, ನನ್ನ ಜಾಗ ಅಡಿಗೆಮನೆಯ ಬಾಗಿಲು. ಟಿ.ವಿ.ಯನ್ನು ನನ್ನ ಕಡೆ ತಿರುಗಿಸಿದರೆ ಮಿಕ್ಕವರಿಗೆ ಓರೆಯಾಗುತ್ತಿತ್ತು. ಅದರ ಬದಲು ರಾತ್ರಿ ಒಂಬತ್ತಕ್ಕೆ ಅಡಿಗೆಮನೆಯ ದೀಪ ಆರಿಸಿ, ಒಂದು ಬೆತ್ತದ ಕುರ್ಚಿ ತಂದು ಆರಾಮಕುರ್ಚಿಯ ಪಕ್ಕದಲ್ಲಿ, ಪರದೆಗೆ ನೇರವಾಗಿ ಹಾಕಿದೆ. ನಮ್ಮವರು ಒಮ್ಮೆ ನನ್ನನ್ನು ನೋಡಿ ತಮ್ಮ ಕುರ್ಚಿಯನ್ನು ಅರ್ಧ ಅಡಿ ಸರಿಸಿಕೊಂಡರು.

"ಟ್ಯೂಬ್‌ಲೈಟ್ ಆರಿಸ್ಲಾ?" ಎಂದು ಕೇಳಿದರು.

"ಆರ್ಸಿ" ಎಂದೆ.

ಯಮುನಕ್ಕನ ಕಾಡು ಕತ್ತಲಾಗಿತ್ತು. ಮಧ್ಯೆ ಎದ್ದು ಹಿತ್ತಲಬಾಗಿಲು ಹಾಕಿದೆಯೋ ಇಲ್ಲವೋ ಎಂದು ನೋಡಿಬಂದೆ.