ಡಬ್ಬಿಯ ತಳದ ಚೀಟಿ

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಾಗಲಿ, ಆನ್‌ಲೈನ್ ಮಳಿಗೆಯಾಗಲಿ, ರೌಟರ್ ಮಾರಾಟವಾಗುವುದು ಆಂಟೆನಾಗಳ ಲೆಕ್ಕದಲ್ಲಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಎಸಿ1200, ಎಎಕ್ಸ್3000 ಎಂಬ ಅಂಕಿಗಳು ಎರಡು ಬ್ಯಾಂಡುಗಳ ಗರಿಷ್ಠ ವೇಗವನ್ನು ಕೂಡಿಸಿ ಬರೆದವು. ಅಷ್ಟು ವೇಗ ಯಾವ ಮೊಬೈಲಿಗೂ ಒಟ್ಟಿಗೆ ಸಿಗುವುದಿಲ್ಲ. ಕಂಪನಿಯ ಸಾಫ್ಟ್‌ವೇರ್ ತೆಗೆದು ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯೂಆರ್‌ಟಿ ಹಾಕಬೇಕೆಂದು ಹೊರಟವರು ಈ ಅಂಕಿಗಳಿಗೆ ಮರುಳಾಗುವುದಿಲ್ಲ, ನಿಜ. ಅವರು ಮರುಳಾಗುವುದು ಮಾಡೆಲ್ ಹೆಸರಿಗೆ.

ಹೆಸರನ್ನು ನಂಬಬಾರದು ಎಂಬುದಕ್ಕೆ ಈ ಫರ್ಮ್‌ವೇರಿನ ಹುಟ್ಟಿನ ಕಥೆಯೇ ಸಾಕ್ಷಿ. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ 2002ರ ಕೊನೆಗೆ ಮಾರುಕಟ್ಟೆಗೆ ಬಂತು. ಒಳಗಿದ್ದದ್ದು ಲಿನಕ್ಸ್ ಎಂದು ಗೊತ್ತಾದ ಮೇಲೆ, ಜಿಪಿಎಲ್ ಪರವಾನಗಿಯ ಪ್ರಕಾರ ಕಂಪನಿ 2003ರಲ್ಲಿ ಮೂಲ ಕೋಡನ್ನು ಹೊರಗಿಡಬೇಕಾಯಿತು. ಅದರ ಮೇಲೆ ಓಪನ್‌ಡಬ್ಲ್ಯೂಆರ್‌ಟಿ 2004ರಲ್ಲಿ ಶುರುವಾಯಿತು. 2005ರಲ್ಲಿ ಡಬ್ಲ್ಯೂಆರ್‌ಟಿ54ಜಿ ಎಂಬ ಅದೇ ಹೆಸರಿನಲ್ಲಿ, ಅದೇ ನೀಲಿ ಡಬ್ಬಿಯಲ್ಲಿ ಐದನೇ ಆವೃತ್ತಿ ಬಂತು. ಫ್ಲ್ಯಾಶ್ 4 ಎಂಬಿಯಿಂದ 2ಕ್ಕೆ, ರ‍್ಯಾಮ್ 16ರಿಂದ 8ಕ್ಕೆ ಇಳಿದಿತ್ತು. ಲಿನಕ್ಸ್ ಜಾಗದಲ್ಲಿ ವಿಎಕ್ಸ್‌ವರ್ಕ್ಸ್ ಕೂತಿತ್ತು. ಗದ್ದಲವೆದ್ದ ಮೇಲೆ ಹಳೆಯ ಒಡಲಿನ ಯಂತ್ರವನ್ನು ಡಬ್ಲ್ಯೂಆರ್‌ಟಿ54ಜಿಎಲ್ ಎಂದು ಬೇರೆಯೇ ಮಾರಿದರು.

ಇಂದಿಗೂ ಅದೇ ಕಥೆ. ಟಿಪಿ-ಲಿಂಕ್ ಆರ್ಚರ್ ಸಿ6 ಎರಡನೇ ಆವೃತ್ತಿಯಲ್ಲಿರುವುದು ಕ್ವಾಲ್ಕಾಮ್ ಅಥೆರಾಸ್ ಚಿಪ್, ಮೂರನೆಯದರಲ್ಲಿ ಮೀಡಿಯಾಟೆಕ್. ಒಂದರ ಫೈಲನ್ನು ಇನ್ನೊಂದಕ್ಕೆ ತುಂಬಿದರೆ ಯಂತ್ರ ಏಳದೇ ಹೋಗಬಹುದು. ಯಾವ ಆವೃತ್ತಿ ಎಂಬುದು ಡಬ್ಬಿಯ ತಳದ ಚೀಟಿಯಲ್ಲಿರುತ್ತದೆ. ಆನ್‌ಲೈನ್ ಪುಟಗಳಲ್ಲಿ ಅದು ಸಿಗುವುದು ಅಪರೂಪ. ಈ ಒಂದು ಕಾರಣಕ್ಕೇ ಜೆ.ಪಿ. ನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು, ಎಸ್.ಪಿ. ರೋಡಿನಲ್ಲಿ ಪೆಟ್ಟಿಗೆ ಬಿಚ್ಚಿಸಿ ನೋಡಿ ಕೊಳ್ಳುವುದು ಮೇಲು. ಬಿಚ್ಚಲು ಒಪ್ಪದ ಅಂಗಡಿಯವರೂ ಇದ್ದಾರೆ. ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.

ಹವ್ಯಾಸಿಗಳ ಜಿಪುಣತನವನ್ನೂ ನಾನು ಒಪ್ಪಲಾರೆ. ಅಟ್ಟದ ಮೇಲಿನ ಹಳೆ ಟಿಎಲ್-ಡಬ್ಲ್ಯೂಆರ್841ಎನ್‌ಗೆ ಮರುಜೀವ ಕೊಟ್ಟೆವೆಂದು ಬೀಗುವವರು ಬಹಳ. ಅದರ ಬಹುತೇಕ ಆವೃತ್ತಿಗಳಲ್ಲಿ ಇರುವುದು 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್. ಅಂಥ ಯಂತ್ರಗಳನ್ನು ಓಪನ್‌ಡಬ್ಲ್ಯೂಆರ್‌ಟಿ 19.07ರ ಸರಣಿಯ ನಂತರ ಕೈಬಿಟ್ಟಿತು. ಆ ಸರಣಿಗೆ 2022ರಿಂದ ಭದ್ರತಾ ತಿದ್ದುಪಡಿಯೂ ಇಲ್ಲ. ಕಂಪನಿ ಅಪ್‌ಡೇಟ್ ನಿಲ್ಲಿಸಿತೆಂದು ಫರ್ಮ್‌ವೇರ್ ಬದಲಿಸಿ, ಅಪ್‌ಡೇಟ್ ನಿಂತ ಫರ್ಮ್‌ವೇರನ್ನೇ ಹಾಕಿಕೊಂಡರೆ ಬಂದ ಲಾಭವೇನು? ಈಗ ಹೊಸದಾಗಿ ಕೊಳ್ಳುವವರು 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮ್‌ಗಿಂತ ಕೆಳಗಿಳಿಯಬಾರದು. ಬ್ರಾಡ್‌ಕಾಮ್ ವೈ-ಫೈ ಚಿಪ್ ಇದ್ದರೆ ಬೆಲೆ ಎಷ್ಟೇ ಇರಲಿ, ಬೇಡ: ಅದಕ್ಕೆ ಸರಿಯಾದ ಮುಕ್ತ ಡ್ರೈವರ್ ಇಲ್ಲ.

ಇನ್ನು ಮನೆ. ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೆ ಓನರ್, ಮೇಲೆರಡು ಮಹಡಿ ಬಾಡಿಗೆ. ಇಂಥ ಕಡೆ 5 ಗಿಗಾಹರ್ಟ್ಸ್ ಅಲೆಗಳು ಆರ್‌ಸಿಸಿ ಮೋಲ್ಡ್ ದಾಟುವಷ್ಟರಲ್ಲಿ ಸೋತುಹೋಗುತ್ತವೆ. ಆರು ಆಂಟೆನಾದ ಜೇಡವೊಂದನ್ನು ಹಾಲಿನಲ್ಲಿ ಕೂರಿಸುವುದಕ್ಕಿಂತ, ಸಾಧಾರಣ ಯಂತ್ರಗಳನ್ನು ಕೇಬಲಿನಲ್ಲಿ ಜೋಡಿಸಿ ಮಹಡಿಗೊಂದರಂತೆ ಇಡುವುದು ಜಾಣತನ. ಓಪನ್‌ಡಬ್ಲ್ಯೂಆರ್‌ಟಿಯ ನಿಜವಾದ ಉಪಯೋಗ ಕಾಣುವುದು ಇಲ್ಲೇ: ಎರಡು ಬೇರೆ ಕಂಪನಿಗಳ ಡಬ್ಬಿಗಳೂ ಒಂದೇ ಜಾಲವಾಗಿ ನಡೆಯುತ್ತವೆ. ಆದರೆ ಇಂಟರ್ನೆಟ್ ಕಂಪನಿ ಗೋಡೆಗೆ ಹೊಡೆದುಹೋದ ಫೈಬರ್ ಡಬ್ಬಿಯನ್ನು ಬದಲಿಸುವ ಕನಸು ಬೇಡ. ಅದನ್ನು ಬ್ರಿಡ್ಜ್ ಮೋಡಿಗೆ ಹಾಕಿಕೊಡುತ್ತಾರೆಯೇ ಎಂದು ರೌಟರ್ ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು.

ಈ ಫರ್ಮ್‌ವೇರಿನ ಯೋಜನೆಯವರೇ ತಮ್ಮ ಇಪ್ಪತ್ತನೇ ವರ್ಷಕ್ಕೆ, 2024ರ ನವೆಂಬರಿನಲ್ಲಿ, ಓಪನ್‌ಡಬ್ಲ್ಯೂಆರ್‌ಟಿ ಒನ್ ಎಂಬ ರೌಟರ್ ತಂದರು. ಆಗ ಅದರ ಬೆಲೆ ಹೊರಕವಚ ಸಹಿತ 89 ಡಾಲರ್ ಇತ್ತು. 1 ಜಿಬಿ ರ‍್ಯಾಮ್, 256 ಎಂಬಿ ನ್ಯಾಂಡ್ ಫ್ಲ್ಯಾಶ್. ಅದಲ್ಲದೆ 16 ಎಂಬಿಯ ಪ್ರತ್ಯೇಕ ನಾರ್ ಚಿಪ್. ನ್ಯಾಂಡ್ ಅನ್ನು ಎಷ್ಟೇ ಕೆಡಿಸಿದರೂ ಒಂದು ಸ್ವಿಚ್ ಸರಿಸಿ ನಾರ್ ಚಿಪ್ಪಿನಿಂದ ಎಬ್ಬಿಸಬಹುದು. ಕೆಡಿಸಲು ಹೆದರದೆ ಕಲಿಯಲು ಇಷ್ಟು ಒಳ್ಳೆಯ ವಿನ್ಯಾಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆದರೂ ನಮ್ಮ ಕಡೆಯ ಮನೆಗೆ ಅದು ಪೂರಾ ಒಗ್ಗುವುದಿಲ್ಲ. ಇರುವುದು ಎರಡೇ ಈಥರ್ನೆಟ್ ಪೋರ್ಟು. ಒಂದು ಹೊರಗಿನ ಲೈನಿಗೆ ಹೋದರೆ ಟಿವಿಗೂ ಮೇಲ್ಮಹಡಿಗೂ ಉಳಿಯುವುದು ಒಂದೇ, ಬೇರೆ ಸ್ವಿಚ್ ಕೊಳ್ಳಲೇಬೇಕು. ವಿದ್ಯುತ್ತು ಯುಎಸ್‌ಬಿ-ಸಿ ಮೂಲಕ. ಬೆಸ್ಕಾಂ ಕರೆಂಟ್ ಹೋದಾಗ ಮನೆಮನೆಯಲ್ಲಿ ರೌಟರಿಗೆ ಕೊಡುವ 12 ವೋಲ್ಟಿನ ಚಿಕ್ಕ ಯುಪಿಎಸ್‌ನ ದುಂಡು ಪಿನ್ ಅದಕ್ಕೆ ಕೂರುವುದಿಲ್ಲ. ವಿದೇಶದಿಂದ ತರಿಸಿದರೆ ನಿಸ್ತಂತು ಉಪಕರಣಗಳ ಅನುಮತಿ ಇಲ್ಲವೆಂದು ಕಸ್ಟಮ್ಸ್‌ನಲ್ಲಿ ನಿಲ್ಲುವ ಭಯ ಬೇರೆ.

ಹಾಗಾಗಿ ಒನ್‌ನಲ್ಲಿರುವ ಮೀಡಿಯಾಟೆಕ್ ಎಂಟಿ7981 ಚಿಪ್ಪನ್ನೇ ಹೊಂದಿದ ಕ್ಯೂಡಿ ಡಬ್ಲ್ಯೂಆರ್3000ದಂಥ ಸಾಧಾರಣ ಯಂತ್ರಕ್ಕೆ ನನ್ನ ಮತ. ದುಂಡು ಪಿನ್ನಿದೆ, ಪೋರ್ಟುಗಳಿವೆ. ಕಂಪನಿ ಸಾಫ್ಟ್‌ವೇರಿನಿಂದ ಓಪನ್‌ಡಬ್ಲ್ಯೂಆರ್‌ಟಿಗೆ ದಾಟಿಸುವ ಫೈಲನ್ನು ಕಂಪನಿಯೇ ಕೊಡುತ್ತದೆ. ಜಾಹೀರಾತು ತಡೆ, ವಿಪಿಎನ್, ಮಕ್ಕಳ ಸಮಯದ ಮಿತಿ ಇಷ್ಟಕ್ಕೆ ಧಾರಾಳ. ರೌಟರಿನಲ್ಲೇ ಮನೆಯ ಫೋಟೋ ಭಂಡಾರವನ್ನೂ ನಡೆಸಬೇಕೆನ್ನುವವರು ಮಾತ್ರ ಒನ್ ಹುಡುಕಿಕೊಂಡು ಹೋಗಲಿ. ಅದರಲ್ಲಿ ಎಸ್‌ಎಸ್‌ಡಿಗೆ ಎಂ.2 ಸ್ಲಾಟ್ ಇದೆ.